ಇಂಚ್‌ಮೀಲ್: ಇಂಚಿಗೂ ಊಟಕ್ಕೂ ಏನು ಸಂಬಂಧ?

ಇಂಗ್ಲಿಷ್‌ನಲ್ಲಿ ‘ಇಂಚ್‌ಮೀಲ್’ ಅಂತ ಒಂದು ಕ್ರಿಯಾವಿಶೇಷಣ ಇದೆ. ಈಗ ಇದನ್ನು ಬಳಸುವವರು ತೀರಾ ಕಡಿಮೆ. ಅರ್ಥ: ಇಂಚಿಂಚಾಗಿ, ಸ್ವಲ್ಪ ಸ್ವಲ್ಪವಾಗಿ. ಷೇಕ್ಸ್‌ಪಿಯರ್‌ನ ‘ದ ಟೆಂಪೆಸ್ಟ್’ ನಾಟಕದಲ್ಲಿ ಕ್ಯಾಲಿಬನ್ ತನ್ನ ಯಜಮಾನ ಪ್ರಾಸ್ಪೆರೊಗೆ ಶಾಪ ಹಾಕುವಾಗ ಈ ಪದ ಬರುತ್ತದೆ. ರೋಗ ಅವನ ಮೈಯನ್ನು ಇಂಚಿಂಚಾಗಿ ಆವರಿಸಲಿ ಅನ್ನೋದು ಆ ಶಾಪ!

ಮೊದಲು ‘ಇಂಚ್’ ನೋಡೋಣ. ಇದರ ಮೂಲ ಲ್ಯಾಟಿನ್‌ನ ‘ಉನ್ಸಿಯಾ’, ಅಂದ್ರೆ ಹನ್ನೆರಡನೇ ಒಂದು ಭಾಗ. ಅಡಿಗೆ 12 ಇಂಚು ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ತೂಕದ ‘ಔನ್ಸ್’ ಕೂಡ ಇದೇ ಪದದಿಂದ ಬಂದದ್ದು. ರೋಮನ್ನರ ಪೌಂಡ್‌ಗೆ 12 ಔನ್ಸ್ ಇತ್ತು.

ಇನ್ನು ‘ಮೀಲ್’. ಹಳೆಯ ಇಂಗ್ಲಿಷ್‌ನಲ್ಲಿ ‘ಮ್ಯಾಲ್’ ಅಂದ್ರೆ ಅಳತೆ, ಗೊತ್ತಾದ ಹೊತ್ತು. ಉಣ್ಣೋ ಹೊತ್ತು ಅನ್ನೋದರಿಂದ ಊಟ ಅನ್ನೋ ಅರ್ಥ ಬಂತು. ನಾವೂ ‘ಎರಡು ಹೊತ್ತಿನ ಊಟ’ ಅಂತ ಹೊತ್ತಿನಿಂದಲೇ ಊಟ ಎಣಿಸ್ತೀವಿ. ಆದರೆ ಓಟ್‌ಮೀಲ್‌ನ ‘ಮೀಲ್’ ಬೇರೆ ಪದ. ಅದು ಬೀಸಿದ ಹಿಟ್ಟು, ‘ಮಿಲ್’ ಪದದ ನೆಂಟ.

ಈ ‘ಮ್ಯಾಲ್’ಗೆ ವಿಭಕ್ತಿ ಸೇರಿ ‘ಮ್ಯಾಲುಮ್’ ಆದಾಗ ‘ಇಷ್ಟಿಷ್ಟು ಅಳತೆಯಲ್ಲಿ’ ಅನ್ನೋ ಅರ್ಥ ಬರ್ತಿತ್ತು. ‘ಫ್ಲಾಕ್‌ಮ್ಯಾಲುಮ್’ ಅಂದ್ರೆ ಗುಂಪುಗುಂಪಾಗಿ, ‘ಸ್ಟುಚ್ಚೆಮ್ಯಾಲುಮ್’ ಅಂದ್ರೆ ಚೂರುಚೂರಾಗಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ನುಗ್ಗಿದವು. ‘ಸ್ಟುಚ್ಚೆ’ಯ ಜಾಗಕ್ಕೆ ಫ್ರೆಂಚ್‌ನ ‘ಪೀಸ್’ ಬಂತು, ಹಳೇ ಬಾಲ ಉಳೀತು: ಅದೇ ‘ಪೀಸ್‌ಮೀಲ್’. ಇವತ್ತು ಈ ಗುಂಪಿನಲ್ಲಿ ಚೆನ್ನಾಗಿ ಬಳಕೆಯಲ್ಲಿರೋದು ಇದೊಂದೇ. ಈಗ ಯಾರೂ ‘ಬೈಟ್‌ಮೀಲ್’ ಅಂತ ಹೊಸ ಪದ ಕಟ್ಟೋದಿಲ್ಲ. ಆ ಪ್ರತ್ಯಯ ಸತ್ತುಹೋಗಿದೆ.

ಕನ್ನಡದಲ್ಲಿ ಇದೇ ಕೆಲಸ ಮಾಡೋದು ದ್ವಿರುಕ್ತಿ. ಪದವನ್ನು ಎರಡು ಸಲ ಹೇಳಿ ‘ಆಗಿ’ ಸೇರಿಸಿದರೆ ಆಯ್ತು: ಹನಿಹನಿಯಾಗಿ, ಗುಂಪುಗುಂಪಾಗಿ. ಹೊರಗಿನಿಂದ ಬಂದ ‘ಇಂಚು’ ಕೂಡ ಇದೇ ಅಚ್ಚಿನಲ್ಲಿ ‘ಇಂಚಿಂಚಾಗಿ’ ಆಯ್ತು. ‘ಡೇಟಾ ಪ್ಯಾಕೆಟ್ ಪ್ಯಾಕೆಟ್ ಆಗಿ ಹೋಗುತ್ತೆ’ ಅಂತ ಲ್ಯಾಬ್‌ನಲ್ಲಿ ಹೇಳಿ ನೋಡಿ, ಎಲ್ಲರಿಗೂ ಅರ್ಥ ಆಗುತ್ತೆ. ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಹೇಳೋಕಾಗಲ್ಲ ಅನ್ನೋರಿಗೆ ನನ್ನ ಉತ್ತರ ಇಷ್ಟೇ: ಪದ ಎಲ್ಲಿಂದಲಾದರೂ ಬರಲಿ, ಅದನ್ನು ನಮ್ಮದಾಗಿಸೋ ವ್ಯಾಕರಣ ಇನ್ನೂ ಜೀವಂತವಾಗಿದೆ. ನಾವು ಬಳಸ್ತಾ ಇರೋವರೆಗೆ ಅದು ‘ಮೀಲ್’ ಥರ ಸಾಯಲ್ಲ.