ಕುಲ ಕೇಳಿ, ಹುಡುಗಿಯ ಮನಸ್ಸನ್ನೂ ಕೇಳಿ

ಬಿಳಿಗಿರಿರಂಗನ ಬೆಟ್ಟದ ಸೋಲಿಗರಾದ ನಮಗೆ ಮೆಚ್ಚಿ ಮದುವೆಯಾಗುವುದು ಹೊಸದಲ್ಲ. ರಂಗಸ್ವಾಮಿಯೇ ನಮ್ಮ ಹುಡುಗಿ ಕುಸುಮಾಲೆಗೆ ಮನಸೋತು ಮದುವೆಯಾದ ಎಂದು ಹಿರಿಯರು ಹೇಳುತ್ತಾರೆ. ಆದ್ದರಿಂದಲೇ ಆ ದೇವರು ನಮಗೆ ರಂಗಭಾವ.

ಹುಡುಗ, ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದರೆ ಕಾಡಿಗೆ ಹೋಗಿ ಕೆಲವು ದಿನ ಇದ್ದು ಬರುತ್ತಿದ್ದರು. ಪೋಡಿನ, ಅಂದರೆ ನಮ್ಮ ಹಾಡಿಯ, ಯಜಮಾನರು ನ್ಯಾಯ ಸೇರಿಸಿ, ಸಣ್ಣ ದಂಡ ಹಾಕಿ, ಗಂಡ ಹೆಂಡತಿ ಎಂದು ಒಪ್ಪಿಕೊಳ್ಳುತ್ತಿದ್ದರು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ತೆರ ಕೊಡಬೇಕಿತ್ತು. ವರದಕ್ಷಿಣೆಯ ಮಾತೇ ಇರಲಿಲ್ಲ.

ಮುಖ್ಯ ಕಟ್ಟಳೆ ಕುಲದ್ದು. ತೆನೇರು, ಹಾಲೇರು, ಸೂರಿರು, ಸೆಲಿಕಿರು ಹೀಗೆ ನಮ್ಮ ಕುಲಗಳಿವೆ. ಒಂದೇ ಕುಲದವರು ಅಣ್ಣ ತಂಗಿಯರ ಲೆಕ್ಕ, ಅವರ ನಡುವೆ ಮದುವೆ ಇಲ್ಲ. ರೊಟ್ಟಿಹಬ್ಬದಲ್ಲಿ, ಗೊರುಕನ ಕುಣಿತದಲ್ಲಿ ಸೇರುತ್ತಿದ್ದ ಹುಡುಗರಿಗೆ ಯಾರು ಯಾವ ಕುಲ ಎಂಬುದು ಮೊದಲೇ ಗೊತ್ತಿರುತ್ತಿತ್ತು.

1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಅನೇಕ ಪೋಡುಗಳು ಜಾಗ ಬಿಟ್ಟವು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಪೋಡುಗಳಿಗೆ ಸಮುದಾಯ ಹಕ್ಕುಪತ್ರ ಬಂದದ್ದೂ ಅದೇ ವರ್ಷ. ಆದರೂ ನನ್ನಂತೆ ಓದಿದವರು ಆಸ್ಪತ್ರೆ, ಕಾರ್ಖಾನೆ ಎಂದು ಊರು ಬಿಟ್ಟಿದ್ದೇವೆ. ನಾನು ಮೈಸೂರಿನಲ್ಲಿ ನರ್ಸ್. ನಮ್ಮವರೇ ಆದ ಸಂಗಾತಿ ಇಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಮದುವೆ ಆ್ಯಪ್‌ಗಳು ಗೋತ್ರ, ನಕ್ಷತ್ರ ಕೇಳುತ್ತವೆ. ನಮಗೆ ಬೇಕಾದ ಕುಲವನ್ನು ಬರೆಯಲು ಅಲ್ಲಿ ಜಾಗವಿಲ್ಲ.

ನನ್ನ ದೊಡ್ಡಮ್ಮನ ಮಗಳಿಗೆ ಮಲೆ ಮಹದೇಶ್ವರ ಬೆಟ್ಟದ ಕಡೆಯ ಸೋಲಿಗರ ಹುಡುಗನೊಬ್ಬ ವಾಟ್ಸ್ಆ್ಯಪ್‌ನಲ್ಲಿ ಪರಿಚಯವಾದ. ಅವಳು ಕೇಳಿದ ಮೊದಲ ಮಾತು, "ನಿಮ್ದು ಯಾವ ಕುಲ?" ಅವನು ಹೇಳಿದ. ಅವಳು ಅಲ್ಲಿಗೇ ಬಿಡದೆ ಅಜ್ಜಿಗೆ ಫೋನ್ ಮಾಡಿದಳು. ಅಜ್ಜಿ ಅವನ ತಾಯಿಯ ಪೋಡು ಯಾವುದು, ತಾತನ ಹೆಸರೇನು ಎಂದೆಲ್ಲ ವಿಚಾರಿಸಿ, "ಆಯ್ತದೆ ಮಗಾ, ಕೊಡೋ ಕುಲಾನೇ" ಎಂದರು. ಆಮೇಲೆಯೇ ಅವರಿಬ್ಬರ ಮಾತು ಮುಂದುವರಿದದ್ದು.

ನನಗೆ ಚಿಂತೆ ಹುಟ್ಟಿಸಿರುವುದು ಬೇರೆ. ಪೇಟೆಯ ಮದುವೆ ನೋಡಿ ನಮ್ಮ ಕೆಲವು ಮನೆಗಳೂ ಛತ್ರ, ಚಿನ್ನ, ಬೈಕು ಎನ್ನತೊಡಗಿವೆ. ಅದಕ್ಕಾಗಿ ಸಾಲ ಮಾಡುವವರೂ ಇದ್ದಾರೆ. ಹುಡುಗಿಯ ಒಪ್ಪಿಗೆಯನ್ನು ಮೊದಲು ಕೇಳುತ್ತಿದ್ದ ಸಮುದಾಯ ವರದಕ್ಷಿಣೆಯ ಪದ್ಧತಿಯನ್ನು ಎರವಲು ತರಬಾರದು. ಹಾಗೆಯೇ ಹದಿನೆಂಟು ತುಂಬುವ ಮೊದಲು ಮದುವೆ ಎಂಬ ಮಾತೂ ಬೇಡ; ಆ ವಯಸ್ಸಿನ ಬಾಣಂತಿಯರ ಕಷ್ಟವನ್ನು ವಾರ್ಡಿನಲ್ಲಿ ಕಂಡಿದ್ದೇನೆ.

ಪೋಡಿನ ಹಿರಿಯರೇ, ಮಕ್ಕಳಿಗೆ ಕುಲದ ಲೆಕ್ಕ ಕಲಿಸಿ. ಅವರು ಫೋನಿನಲ್ಲಿ ಹುಡುಕಲಿ, ಹಬ್ಬದಲ್ಲಿ ಹುಡುಕಲಿ, ಆಯ್ಕೆ ಅವರದೇ ಇರಲಿ. ವರದಕ್ಷಿಣೆ ಕೇಳುವ ಮನೆಗೆ ಮಾತ್ರ ಹೆಣ್ಣು ಕೊಡಬೇಡಿ.