ಗೋಡೆ ಮೇಲಿನ ಗಂಡಸು

2019ರ ಜನವರಿ ನಡುವಿನಲ್ಲಿ ಅಮೆರಿಕದ ಜಿಲೆಟ್ ಕಂಪನಿ ಎರಡು ನಿಮಿಷಕ್ಕೂ ಕಡಿಮೆ ಅವಧಿಯ ಒಂದು ಜಾಹೀರಾತು ಬಿಟ್ಟಿತು. ರೇಜರ್ ಕಂಪನಿಯದಾದರೂ ಅದರಲ್ಲಿ ರೇಜರ್ ಕೊಳ್ಳಿ ಎಂಬ ಮಾತಿರಲಿಲ್ಲ. ಹುಡುಗರು ಇನ್ನೊಬ್ಬ ಹುಡುಗನನ್ನು ಅಟ್ಟಾಡಿಸುತ್ತಾರೆ, ಗಂಡಸರು ಹೆಣ್ಣುಮಕ್ಕಳನ್ನು ರೇಗಿಸುತ್ತಾರೆ, ಸಾಲಾಗಿ ನಿಂತ ಅಪ್ಪಂದಿರು ‘ಗಂಡು ಹುಡುಗರು ಇರೋದೇ ಹಾಗೆ’ ಎಂದು ಒಂದೇ ದನಿಯಲ್ಲಿ ಒಪ್ಪಿಸುತ್ತಾರೆ. ಕೊನೆಗೆ ಕೆಲವರು ಮುಂದೆ ಬಂದು ತಡೆಯುತ್ತಾರೆ. ಇಷ್ಟಕ್ಕೇ ಜಗತ್ತು ಎರಡು ಪಾಳೆಯವಾಯಿತು. ಯೂಟ್ಯೂಬ್‌ನಲ್ಲಿ ಮೆಚ್ಚಿದವರಿಗಿಂತ ಮೂಗು ಮುರಿದವರೇ ಹೆಚ್ಚಾದರು. ಗಂಡು ಜಾತಿಗೇ ಅವಮಾನ ಎಂದು ರೇಜರ್ ಬಿಸಾಕಿದವರು ಅದರ ಫೋಟೊ ಹಾಕಿದರು.

ಅದೇ ತಿಂಗಳು 19ರಂದು ಚಿತ್ರದುರ್ಗದಿಂದ ಹೆಣ್ಣುಮಕ್ಕಳ ದಂಡೊಂದು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟಿತು. ಸಾವಿರಾರು ಮಂದಿ, ಹೆಚ್ಚಿನವರು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೂಲಿ ಮಾಡುವವರು. ಸುಮಾರು 200 ಕಿಲೊಮೀಟರ್ ನಡೆದು 30ಕ್ಕೆ ರಾಜಧಾನಿ ಮುಟ್ಟಿದರು. ಬೇಡಿಕೆ ಒಂದೇ: ಮದ್ಯ ನಿಲ್ಲಿಸಿ. ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ಒಬ್ಬಾಕೆ ಜೀವ ಬಿಟ್ಟಳು. ಅವರು ಮಾತಾಡುತ್ತಿದ್ದದ್ದೂ ಗಂಡಸಿನ ಬಗ್ಗೆಯೇ: ಕುಡಿದು ಬಂದು ಬಡಿಯುವವನು, ಕೂಲಿ ದುಡ್ಡು ಕಸಿಯುವವನು. ರೇಜರ್ ಜಾಹೀರಾತಿಗೆ ಎದ್ದ ಗದ್ದಲದ ನೂರರಲ್ಲಿ ಒಂದು ಪಾಲೂ ಈ ನಡಿಗೆಗೆ ಏಳಲಿಲ್ಲ. ಸರ್ಕಾರವೂ ಒಪ್ಪಲಿಲ್ಲ.

ಗಂಡಸುತನದ ಬಗ್ಗೆ ಜಾಹೀರಾತುಗಳು ಏನು ಹೇಳುತ್ತಿವೆ, ಜನ ಅದಕ್ಕೆ ಏನನ್ನುತ್ತಾರೆ ಎಂಬ ಚರ್ಚೆ ನಡೆದಾಗಲೆಲ್ಲ ಅದು ನಗರದ ಚರ್ಚೆಯಾಗಿಯೇ ಮುಗಿಯುತ್ತದೆ. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಗಂಡಸಿಗೆ ಯಾರು ಏನು ಹೇಳುತ್ತಿದ್ದಾರೆ? ಅದನ್ನು ನೋಡಬೇಕಾದರೆ ಗೋಡೆ ನೋಡಬೇಕು.

ಹುಬ್ಬಳ್ಳಿಯಿಂದ ನವಲಗುಂದದ ದಾರಿ ಹಿಡಿದರೆ ಎರಿ ಹೊಲಗಳ ನಡುವಿನ ಊರುಗಳಲ್ಲಿ ಗೋಡೆ ತುಂಬ ಬರಹ. ಸಿಮೆಂಟು, ಕಬ್ಬಿಣದ ಸರಳು, ಪೈಪು, ಹತ್ತಿ ಬೀಜ, ಕೀಟನಾಶಕ, ಟ್ರ್ಯಾಕ್ಟರ್. ಎಲ್ಲವೂ ತಾಕತ್ತಿನ ಮಾತು, ಎಲ್ಲವೂ ಗಂಡಸನ್ನೇ ಕರೆದು ಹೇಳಿದ್ದು. ಬಜಾಜ್ ಪಲ್ಸರ್ 2001ರಲ್ಲಿ ಪೇಟೆಗೆ ಬಂದದ್ದೇ ‘ಇದು ಖಂಡಿತ ಗಂಡು’ ಎಂಬರ್ಥದ ಘೋಷಣೆಯೊಂದಿಗೆ. ಟಿವಿಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವಿದೆ, ಆದರೆ ಮದ್ಯದ ಬ್ರ್ಯಾಂಡೊಂದು ಸಂಗೀತದ ಸಿಡಿಯ ನೆಪದಲ್ಲಿ ‘ಮೆನ್ ವಿಲ್ ಬಿ ಮೆನ್’ ಎನ್ನುತ್ತ ವರ್ಷಗಟ್ಟಲೆ ನಗಿಸಿತು. ಜಿಲೆಟ್‌ನ ಅಪ್ಪಂದಿರು ಒಪ್ಪಿಸಿದ ಪಾಠವೂ ಇದೇ ಅಲ್ಲವೇ? ಅಲ್ಲಿ ಅದನ್ನು ಪ್ರಶ್ನಿಸಿದ್ದಕ್ಕೆ ಬೆಂಕಿ ಬಿತ್ತು. ಇಲ್ಲಿ ಅದನ್ನು ಹೊಗಳಿದ್ದಕ್ಕೆ ಯಾರೂ ಚಕಾರ ಎತ್ತಲಿಲ್ಲ.

ಸರ್ಕಾರದ ಗೋಡೆಬರಹವೂ ಹಿಂದೆ ಬಿದ್ದಿರಲಿಲ್ಲ. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಕುಟುಂಬ ಯೋಜನೆಯ ಘೋಷಣೆ ನಮ್ಮ ತಲೆಮಾರಿನ ಬಾಯಲ್ಲಿ ಗಾದೆಯಂತೆ ಕೂತಿದೆ. ಎರಡೇ ಮಕ್ಕಳು ಸಾಕು ಎಂಬುದು ಅದರ ಉದ್ದೇಶ, ಒಳ್ಳೆಯದೇ. ಆದರೆ ಅದೇ ಉಸಿರಿನಲ್ಲಿ ಮಗಳು ಆರತಿ ಎತ್ತುವವಳು, ಮನೆತನದ ಹೆಸರು ಬೆಳಗುವವನು ಮಗ ಎಂದೂ ಹೇಳಿಬಿಟ್ಟಿತು. ಹೆಣ್ಣುಮಕ್ಕಳೇ ಮೊದಲ ರ‍್ಯಾಂಕ್ ಬರುವ ಶಾಲೆಯ ಗೋಡೆಯ ಮೇಲೂ ಅದು ಉಳಿಯಿತು. ಜನರ ಪ್ರತಿಕ್ರಿಯೆ ಎಂದರೆ ಬರೀ ಸಿಟ್ಟು, ಗದ್ದಲ ಅಲ್ಲ. ಒಂದು ಮಾತನ್ನು ತಮ್ಮದೇ ಮಾತು ಮಾಡಿಕೊಂಡು ಮರೆತುಬಿಡುವುದು ಎಲ್ಲಕ್ಕಿಂತ ದೊಡ್ಡ ಪ್ರತಿಕ್ರಿಯೆ.

ಇನ್ನು ಗಂಡಸನ್ನು ಏನಾದರೂ ಕೇಳುವ ಜಾಹೀರಾತುಗಳು. ಜಿಲೆಟ್‌ನ ಒಡೆಯ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯೇ ಭಾರತದಲ್ಲಿ ಏರಿಯಲ್ ಪುಡಿಗಾಗಿ 2015ರಿಂದ ‘ಶೇರ್ ದಿ ಲೋಡ್’ (ಹೊರೆ ಹಂಚಿಕೊಳ್ಳಿ) ಪ್ರಚಾರ ನಡೆಸುತ್ತ ಬಂದಿದೆ. 2016ರ ಚಿತ್ರದಲ್ಲಿ ಅಪ್ಪನೊಬ್ಬ ಆಫೀಸು ಮನೆ ಎರಡರಲ್ಲೂ ದುಡಿದು ಹೈರಾಣಾಗುವ ಮಗಳನ್ನು ನೋಡಿ, ನಾನೂ ನಿನ್ನ ಅಮ್ಮನಿಗೆ ಕೈಜೋಡಿಸಲಿಲ್ಲವಲ್ಲ ಎಂದು ಮರುಗುತ್ತಾನೆ, ಮನೆಗೆ ಹೋಗಿ ವಾಷಿಂಗ್ ಮೆಷಿನ್‌ಗೆ ಬಟ್ಟೆ ಹಾಕುತ್ತಾನೆ. ಮನಸ್ಸು ಮುಟ್ಟುವ ಚಿತ್ರ, ಅನುಮಾನವಿಲ್ಲ. ಆದರೆ ಅಣ್ಣಿಗೇರಿ ಕಡೆಯ ಹಳ್ಳಿಯಲ್ಲಿ ಅರಿವಿ ಒಗೆಯುವ ಕೆಲಸ ಮೆಷಿನ್ನಿನ ಗುಂಡಿ ಒತ್ತಿದರೆ ಮುಗಿಯುವುದಿಲ್ಲ. ಅದು ನೀರಿನಿಂದ ಶುರುವಾಗುತ್ತದೆ. ನವಲಗುಂದ, ಅಣ್ಣಿಗೇರಿ ಭಾಗದ ಅಂತರ್ಜಲ ಸವಳು. ಮಲಪ್ರಭಾ ಕಾಲುವೆಯಿಂದ ತುಂಬಿಸಿಕೊಂಡ ಕೆರೆಯೇ ಕುಡಿಯುವುದಕ್ಕೆ ಆಧಾರ.

ಈ ನೆಲದ ಗಂಡಸರು ನೀರಿಗಾಗಿ ಏನೇನು ಮಾಡಿಲ್ಲ! 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ನೀರಿನ ಕರ, ಅಭಿವೃದ್ಧಿ ಕರದ ವಿರುದ್ಧ ಎದ್ದ ನರಗುಂದ-ನವಲಗುಂದ ಬಂಡಾಯದಲ್ಲಿ ಗೋಲಿಬಾರಾಯಿತು, ರೈತರು ಪ್ರಾಣ ಕೊಟ್ಟರು. ಜುಲೈ 21 ಇಂದಿಗೂ ರೈತ ಹುತಾತ್ಮರ ದಿನ. ಕಳಸಾ-ಬಂಡೂರಿ ನೀರಿನ ಯೋಜನೆಗಾಗಿ 2015ರಿಂದ ನವಲಗುಂದದಲ್ಲಿ ವರ್ಷಗಟ್ಟಲೆ ಧರಣಿ ಕೂತರು. 2016ರ ಜುಲೈನಲ್ಲಿ ಯಮನೂರಿನ ಮನೆಗಳಿಗೆ ನುಗ್ಗಿದ ಪೊಲೀಸರ ಲಾಠಿ ಹೆಂಗಸರನ್ನೂ ಬಿಡಲಿಲ್ಲ. ಅಂಥ ಊರುಗಳಲ್ಲಿ ಕೆರೆಯ ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ಸೈಕಲ್ಲಿನ ಎರಡೂ ಬದಿಗೆ ಕೊಡ ಕಟ್ಟಿಕೊಂಡು ಹುಡುಗ ಬರುತ್ತಾನೆ, ತಳ್ಳುಗಾಡಿಯಲ್ಲಿ ಆರೆಂಟು ಕೊಡ ಇಟ್ಟುಕೊಂಡು ಗಂಡಸೂ ಬರುತ್ತಾನೆ. ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ಮೆಟ್ಟಿಲೇರುವವಳು ಮಾತ್ರ ಹೆಂಗಸೇ. ಗಾಲಿ ಇದ್ದರೆ ಅದು ಗಂಡಸಿನ ಕೆಲಸ, ಗಾಲಿ ಇಲ್ಲದಿದ್ದರೆ ಹೆಂಗಸಿನದು. ನೀರಿಗಾಗಿ ಜೀವ ಕೊಡಬಲ್ಲ ಊರಿನಲ್ಲಿ ಕೊಡ ತಲೆಗೇರಿಸುವುದು ಗಂಡಸಿಗೆ ಇನ್ನೂ ನಾಚಿಕೆ. ಹೊರೆ ಹಂಚಿಕೊಳ್ಳಿ ಎನ್ನುವ ಜಾಹೀರಾತನ್ನು ಈ ಮೆಟ್ಟಿಲ ಮೇಲೆ ಯಾರೂ ಚಿತ್ರೀಕರಿಸಿಲ್ಲ. ಮುಂಬೈಯ ಡ್ರಾಯಿಂಗ್ ರೂಮಿನಲ್ಲಿ ಹಿಂದಿಯಲ್ಲಿ ಆಡಿದ್ದು ಬೆಂಗಳೂರಿನ ಕನ್ನಡಕ್ಕೆ ಡಬ್ ಆಗಿ ಇಲ್ಲಿಗೆ ಬರುತ್ತದೆ. ಇಲ್ಲಿಯ ಗಂಡಸು ಅದನ್ನು ವಿರೋಧಿಸುವುದಿಲ್ಲ, ಒಪ್ಪುವುದೂ ಇಲ್ಲ. ತನಗೆ ಹೇಳಿದ್ದು ಎಂದೇ ಅವನಿಗೆ ಅನ್ನಿಸುವುದಿಲ್ಲ.

2019ರಲ್ಲೇ ಜಿಲೆಟ್ ಭಾರತಕ್ಕಾಗಿ ಬೇರೆ ದಾರಿ ಹಿಡಿಯಿತು. ಕಾಯಿಲೆ ಬಿದ್ದ ಅಪ್ಪನ ಕ್ಷೌರದಂಗಡಿಯನ್ನು ಉತ್ತರಪ್ರದೇಶದ ಬನವಾರಿ ಟೋಲಾ ಎಂಬ ಹಳ್ಳಿಯ ಇಬ್ಬರು ಅಕ್ಕತಂಗಿಯರು ನಡೆಸಿಕೊಂಡು ಹೋದ ನಿಜ ಕಥೆ ಅದು. ಹುಡುಗಿಯರು ಗಡ್ಡ ಬೋಳಿಸುವುದನ್ನು ಊರು ಕ್ರಮೇಣ ಒಪ್ಪಿತು. ಈ ಜಾಹೀರಾತಿಗೆ ದೇಶವೇ ಚಪ್ಪಾಳೆ ತಟ್ಟಿತು, ಸಚಿನ್ ತೆಂಡೂಲ್ಕರ್ ಆ ಹುಡುಗಿಯರಿಂದ ಶೇವ್ ಮಾಡಿಸಿಕೊಂಡರು. ಬಯ್ಯುವುದಕ್ಕಿಂತ ತೋರಿಸುವುದು ಮೇಲು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೂ ಒಂದು ಮಾತು ಹೇಳಲೇಬೇಕು. ಹಡಪದ ಅಪ್ಪಣ್ಣನನ್ನು ಶರಣನೆಂದು ಪೂಜಿಸುವ ನಮ್ಮ ರಾಜ್ಯದಲ್ಲಿ ದಲಿತರಿಗೆ ಕ್ಷೌರ ಮಾಡದ ಅಂಗಡಿಗಳು ಇನ್ನೂ ಸುದ್ದಿಯಾಗುತ್ತವೆ. ಕತ್ತಿ ಯಾರ ಕೈಯಲ್ಲಿದೆ ಎಂಬಷ್ಟೇ ಮುಖ್ಯ, ಕುರ್ಚಿಯಲ್ಲಿ ಯಾರು ಕೂರಬಹುದು ಎಂಬ ಪ್ರಶ್ನೆ. ಅದನ್ನು ಯಾವ ಕಂಪನಿಯೂ ಮುಟ್ಟಿಲ್ಲ.

ಮುಟ್ಟಿದರೆ ಏನಾಗುತ್ತದೆಂದು ಅವಕ್ಕೆ ಗೊತ್ತು. ಸರ್ಫ್ ಎಕ್ಸೆಲ್‌ನ ಹೋಳಿ ಜಾಹೀರಾತಿಗೆ 2019ರಲ್ಲಿ ಬಹಿಷ್ಕಾರದ ಕರೆ ಬಂತು, ಬೆಂಗಳೂರಿನ ಟೈಟನ್ ಕಂಪನಿಯ ತನಿಷ್ಕ್ 2020ರಲ್ಲಿ ಅಂತರಧರ್ಮೀಯ ಸೀಮಂತದ ಜಾಹೀರಾತನ್ನೇ ವಾಪಸ್ ತೆಗೆದುಕೊಂಡಿತು. 2013ರಲ್ಲಿ ಮಗಳಿರುವ ಹೆಣ್ಣಿನ ಮರುಮದುವೆ ತೋರಿಸಿ ಹೊಗಳಿಸಿಕೊಂಡದ್ದೂ ಇದೇ ತನಿಷ್ಕ್.

ನನ್ನ ಮಟ್ಟಿಗೆ ಗಂಡಸನ್ನು ಸರಿಯಾಗಿ ಮಾತಾಡಿಸಿದ ಪ್ರಚಾರವೆಂದರೆ ‘ಬೆಲ್ ಬಜಾವೊ’. ಬ್ರೇಕ್‌ಥ್ರೂ ಸಂಸ್ಥೆ 2008ರ ಆಗಸ್ಟ್‌ನಲ್ಲಿ ಶುರು ಮಾಡಿದ್ದು. ಕ್ರಿಕೆಟ್ ಆಡುತ್ತಿದ್ದ ಹುಡುಗರಿಗೆ ಮನೆಯೊಂದರಿಂದ ಹೊಡೆತದ ಸದ್ದು ಕೇಳುತ್ತದೆ. ಒಬ್ಬ ಹೋಗಿ ಬೆಲ್ ಒತ್ತಿ ಚೆಂಡು ಕೇಳುತ್ತಾನೆ. ಚೆಂಡು ಅವರ ಬಳಿಯೇ ಇದೆ. ಒಳಗಿನವನಿಗೆ ಅರ್ಥವಾಗುತ್ತದೆ. ಬೈಗುಳವಿಲ್ಲ, ಭಾಷಣವಿಲ್ಲ. ನೀನು ಕೆಟ್ಟವನು ಎನ್ನುವ ಬದಲು ನೀನು ಹೋಗಿ ಬಾಗಿಲು ಬಡಿ ಎಂದು ಗಂಡಸಿಗೊಂದು ಕೆಲಸ ಕೊಟ್ಟಿತು. ಟಿವಿಗಷ್ಟೇ ನಿಲ್ಲದೆ ವಿಡಿಯೊ ವ್ಯಾನುಗಳಲ್ಲಿ ಕರ್ನಾಟಕ, ಮಹಾರಾಷ್ಟ್ರ, ಉತ್ತರಪ್ರದೇಶಗಳಲ್ಲಿ ಸುತ್ತಿತು.

ಅಂಥ ವ್ಯಾನು ಇವತ್ತು ಕುಂದಗೋಳ, ಕಲಘಟಗಿಯ ಊರೂರಿಗೆ ಬರಬೇಕಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21), ಗಂಡನಿಂದ ಹಿಂಸೆ ಅನುಭವಿಸಿದ ಮದುವೆಯಾದ ಹೆಣ್ಣುಮಕ್ಕಳ ಪ್ರಮಾಣ ಕರ್ನಾಟಕದಲ್ಲಿ ಶೇ 44.4. ಹಿಂದಿನ ಸುತ್ತಿನಲ್ಲಿ ಅದು ಶೇ 20.6 ಇತ್ತು. ಐದನೇ ಸುತ್ತಿನಲ್ಲಿ ಇಡೀ ದೇಶದಲ್ಲಿ ನಮ್ಮದೇ ಅತಿ ಹೆಚ್ಚು ಇತ್ತು. ಹೆಂಡತಿಗೆ ಹೊಡೆಯುವುದಕ್ಕೆ ಯಾವುದಾದರೊಂದು ಕಾರಣ ಸರಿಯೇ ಎಂದ ಗಂಡಸರು ಶೇ 81.9, ಹೆಂಗಸರು ಶೇ 76.9. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಕಟ್ಟೆಯ ಮೇಲೆ ಕುಳಿತವರು ಮುಖ ತಿರುಗಿಸುವ ತನಕ ಈ ಅಂಕಿ ಇಳಿಯುವುದಿಲ್ಲ. ಇಲ್ಲಿಯ ಎಷ್ಟೋ ಮನೆಗಳಿಗೆ ಬೆಲ್ ಇಲ್ಲ, ಚಿಲಕ ಇದೆ. ‘ಯಣ್ಣಾ, ಕಡ್ಡಿಪೆಟ್ಟಿಗಿ ಐತೇನು?’ ಎಂದು ಚಿಲಕ ಬಡಿದರೂ ಸಾಕು. ಆ ಚಿತ್ರ ಧಾರವಾಡದ ಮಾತಿನಲ್ಲಿ ಬರಬೇಕು.

ಮಾತಿನ ಹಿಂದೆ ಕೆಲಸವಿದ್ದರೆ ಜನ ಬೇಗ ಒಪ್ಪುತ್ತಾರೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದಾಗ ವಾಟ್ಸ್‌ಆ್ಯಪ್‌ನಲ್ಲಿ ಗಂಡಸರ ಗೋಳಿನ ವಿಡಿಯೊಗಳು ಹರಿದಾಡಿದವು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ‘ಮನೆಯ ಯಜಮಾನಿಗೆ’ ತಿಂಗಳಿಗೆ ₹2,000 ಎಂಬ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಜಾಹೀರಾತು ಊರೂರಿಗೂ ಬಂತು. ಯಜಮಾನ ಎಂದರೆ ಗಂಡಸೇ ಎಂದು ಬೆಳೆದ ಊರುಗಳಲ್ಲಿ ಅತ್ತೆಯೋ ಸೊಸೆಯೋ ಎಂಬ ಜಗಳ ಹುಟ್ಟಿತೇ ಹೊರತು, ಹೆಂಗಸು ಹೇಗೆ ಯಜಮಾನಿ ಎಂದು ಯಾರೂ ಕೇಳಲಿಲ್ಲ. ಜಾಹೀರಾತಿನ ಹಿಂದೆ ಬ್ಯಾಂಕಿನ ಖಾತೆಗೆ ಬೀಳುವ ಹಣವಿತ್ತು.

ಹೇಳುವವನು ಯಾರು ಎಂಬುದೂ ಮುಖ್ಯ. ಡಾ. ರಾಜ್‌ಕುಮಾರ್ ಜೀವನದಲ್ಲಿ ಕಾಣಿಸಿಕೊಂಡ ಜಾಹೀರಾತು ನಂದಿನಿ ಹಾಲಿನದೊಂದೇ, ಅದೂ ಹಣ ಪಡೆಯದೆ. ಮಗ ಪುನೀತ್ ಕೂಡ ನಂದಿನಿಗಾಗಿ ಹಣ ಪಡೆಯದೆ ಕಾಣಿಸಿಕೊಂಡರು. 2021ರಲ್ಲಿ ಅವರು ತೀರಿಕೊಂಡು ಅವರ ಕಣ್ಣು ದಾನವಾದ ಮೇಲೆ ನೇತ್ರದಾನಕ್ಕೆ ಜನ ಮುಗಿಬಿದ್ದದ್ದು ಯಾವ ಜಾಹೀರಾತಿನಿಂದಲೂ ಅಲ್ಲ. 2022ರಲ್ಲಿ ನಟ ಯಶ್ ಪಾನ್ ಮಸಾಲಾ ಜಾಹೀರಾತಿನ ಕೋಟಿಗಳನ್ನು ಬೇಡವೆಂದರು. ಅದಕ್ಕೂ ಮೊದಲು ಅವರ ಮಗುವಿಗಾಗಿ ಅಂಬರೀಶ್ ಮಾಡಿಸಿದ ತೊಟ್ಟಿಲು ಕಲಘಟಗಿಯದು, ತೇಗದ ಮೇಲೆ ಅರಗಿನ ಬಣ್ಣದಲ್ಲಿ ಚಿತ್ರ ಬಿಡಿಸಿದ್ದು. ತೆರೆಯ ಮೇಲೆ ಗುಡುಗುವ ನಾಯಕ ತೊಟ್ಟಿಲು ತೂಗುವ ಒಂದು ಚಿತ್ರ ಕಲಘಟಗಿಯ ಬಸ್ ನಿಲ್ದಾಣದಲ್ಲಿ ಇದ್ದರೆ ಅದು ಹತ್ತು ಭಾಷಣಕ್ಕೆ ಸಮ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಪ್ರತಿವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರ ತನಕ ಪುರುಷರ ಸಂತಾನಹರಣ ಶಸ್ತ್ರಚಿಕಿತ್ಸೆಯ ಪಾಕ್ಷಿಕ ನಡೆಯುತ್ತದೆ. ಹೊಲಿಗೆಯಿಲ್ಲದ ಚಿಕಿತ್ಸೆ, ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಅಂದೇ ಮನೆಗೆ ಹೋಗಬಹುದು. ಹೆಂಗಸರ ಶಸ್ತ್ರಚಿಕಿತ್ಸೆಗಿಂತ ಸುರಕ್ಷಿತ. ಆದರೂ ಕುಟುಂಬ ಆರೋಗ್ಯ ಸಮೀಕ್ಷೆಯ ಅದೇ ಐದನೇ ಸುತ್ತಿನಂತೆ ರಾಜ್ಯದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಆಪರೇಷನ್ ಮಾಡಿಸಿಕೊಂಡಿದ್ದಾರೆ, ಗಂಡಸರ ಪಾಲು ಶೇ 0.0. ಕಸುವು ಹೋಗತೈತಿ, ಹೊಲದಾಗ ದುಡಿಯಾಕ ಆಗೂದಿಲ್ಲ ಎಂಬ ಭಯ ಒಂದೆಡೆ. ತುರ್ತುಪರಿಸ್ಥಿತಿಯ 1976-77ರಲ್ಲಿ ದೇಶದ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ, ಎಷ್ಟೋ ಕಡೆ ಬಲವಂತದಿಂದ, ಆಪರೇಷನ್ ಮಾಡಿದ ನೆನಪು ಇನ್ನೊಂದೆಡೆ. ಈ ಭಯಕ್ಕೆ ಉತ್ತರ ಕೊಡಬೇಕಾದ ಪೋಸ್ಟರ್ ಹೆಚ್ಚಾಗಿ ಕಾಣುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯಲ್ಲಿ, ಬಸುರಿಯರೂ ಬಾಣಂತಿಯರೂ ಸರದಿ ಕಾಯುವ ಬೆಂಚಿನ ಎದುರು.

ಧಾರವಾಡ ಜಿಲ್ಲಾ ಆರೋಗ್ಯ ಇಲಾಖೆ ಈ ನವೆಂಬರ್‌ನಲ್ಲಿ ಅದನ್ನು ಅಲ್ಲಿಂದ ಕಿತ್ತು ಗಂಡಸರು ಸೇರುವಲ್ಲಿ ಹಚ್ಚಲಿ: ಎಪಿಎಂಸಿ ಪ್ರಾಂಗಣ, ಗೊಬ್ಬರದಂಗಡಿ, ಟ್ರ್ಯಾಕ್ಟರ್ ಗ್ಯಾರೇಜು, ಕುಸ್ತಿ ಕಣ, ಕ್ಷೌರದಂಗಡಿಯ ಕನ್ನಡಿ ಪಕ್ಕ. ಅದರಲ್ಲಿ ಈ ಊರಿನ ಕನ್ನಡ ಇರಲಿ. ಗ್ರಾಮಸಭೆಯಲ್ಲಿ ವೈದ್ಯರ ಜೊತೆಗೆ, ಚಿಕಿತ್ಸೆ ಮಾಡಿಸಿಕೊಂಡು ಹೊಲದಲ್ಲಿ ದುಡಿಯುತ್ತಿರುವ ಒಬ್ಬ ರೈತ ತಾನಾಗಿ ಮುಂದೆ ಬಂದರೆ ಅವನಿಗೂ ಮೈಕ್ ಕೊಡಿ.