ವಾರ್ತಾಲಯದ ಸ್ನೇಹವೂ ಸತ್ಯನಿಷ್ಠೆಯೂ

ಪತ್ರಿಕಾ ಸ್ವಾತಂತ್ರ್ಯದ ಪ್ರಶ್ನೆಯು ಎದ್ದಾಗಲೆಲ್ಲ ನಾವು ಕಾಯಿದೆ ಕಟ್ಟಳೆಗಳ ಕಡೆಗೆ ಬೊಟ್ಟುಮಾಡುತ್ತೇವೆ. ಸರಕಾರದ ಅಂಕುಶ, ಧನಿಕರ ಒಡೆತನ, ನ್ಯಾಯಾಲಯದ ಭಯ, ಇವೇ ಸತ್ಯದ ಬಾಯಿ ಕಟ್ಟುವವೆಂದು ನಂಬಿದ್ದೇವೆ. ಈ ನಂಬಿಕೆಯು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ವಾರ್ತೆಯು ಕಚೇರಿಯ ಹೊಸ್ತಿಲನ್ನು ದಾಟುವ ಮುನ್ನ ನಾಲ್ಕಾರು ಜನರ ಕೈಹಾಯ್ದು ಬರಬೇಕು. ಅದು ಹೊರಬೀಳುವದೋ ಮೇಜಿನ ಖಾನೆಯಲ್ಲಿಯೇ ಕೊಳೆಯುವದೋ ಎಂಬದು ಆ ಜನರ ಪರಸ್ಪರ ಸಂಬಂಧವನ್ನೂ ಅವಲಂಬಿಸಿರುತ್ತದೆ. ಬಿ.ಬಿ.ಸಿ.ಯು 2011 ಮತ್ತು 2012ರಲ್ಲಿ ಪ್ರಸಾರ ಮಾಡಿದ 'ದಿ ಅವರ್' ಎಂಬ ದೂರದರ್ಶನ ಧಾರಾವಾಹಿಯು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಅಬಿ ಮಾರ್ಗನ್ ಎಂಬ ಲೇಖಕಿಯು ರಚಿಸಿದ ಈ ಕಥೆಯು ಆರಾರು ಕಂತುಗಳ ಎರಡು ಭಾಗಗಳುಳ್ಳದ್ದು. ಮೊದಲ ಭಾಗದ ಕಾಲವು 1956. ಸ್ಥಳವು ಲಂಡನ್ನಿನ ಲೈಮ್ ಗ್ರೋವ್ ಪ್ರಸಾರ ಭವನ. ಆ ವರ್ಷದ ಜುಲೈ 26ರಂದು ಈಜಿಪ್ತದ ಅಧ್ಯಕ್ಷರಾದ ನಾಸೆರರು ಸುಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು. ಆಗಸ್ಟ್ ತಿಂಗಳ ಲಂಡನ್ ಪರಿಷತ್ತಿನಲ್ಲಿ ಭಾರತದ ಪರವಾಗಿ ಕೃಷ್ಣ ಮೆನನ್ನರು ಸಂಧಾನದ ಸೂತ್ರವೊಂದನ್ನು ಮುಂದಿಟ್ಟರೂ ಅದು ಫಲಿಸಲಿಲ್ಲ. ಅಕ್ಟೋಬರ ಅಂತ್ಯದಲ್ಲಿ ಇಸ್ರೇಲಿನ ದಾಳಿಯನ್ನು ಹಿಂಬಾಲಿಸಿ ಬ್ರಿಟನ್ನೂ ಫ್ರಾನ್ಸೂ ಈಜಿಪ್ತದ ಮೇಲೆ ಬಾಂಬುಗಳನ್ನು ಸುರಿದವು. ಪಾರ್ಲಿಮೆಂಟಿನಲ್ಲಿ ಹದಿನಾಲ್ಕು ದಿನಗಳೊಳಗೆ ಚರ್ಚೆಗೆ ಬರಲಿರುವ ವಿಷಯವನ್ನು ಪ್ರಸಾರದಲ್ಲಿ ಚರ್ಚಿಸಕೂಡದೆಂಬ ವಿಚಿತ್ರ ನಿಯಮವೊಂದು ಆಗ ಜಾರಿಯಲ್ಲಿತ್ತು. ದೇಶವು ಯುದ್ಧಕ್ಕಿಳಿಯುತ್ತಿರುವಾಗ ಪ್ರಜೆಯು ಆ ಯುದ್ಧದ ಮಾತನ್ನೇ ಕೇಳಬಾರದೆಂಬದು ಇದರ ಅರ್ಥವಾಯಿತು. 1957ರಲ್ಲಿ ಈ ನಿಯಮವು ರದ್ದಾಯಿತು. ಇಂಥ ಕಾಲದಲ್ಲಿ ವಾರಕ್ಕೊಂದು ತಾಸಿನ ವಾರ್ತಾ ಕಾರ್ಯಕ್ರಮವನ್ನು ಕಟ್ಟಹೊರಟ ಕೆಲವರ ಕಥೆಯಿದು. ಪಾತ್ರಗಳು ಕಲ್ಪಿತ, ಹಿನ್ನೆಲೆಯ ರಾಜಕಾರಣವು ಚರಿತ್ರೆ.

ಕಾರ್ಯಕ್ರಮದ ನಿರ್ಮಾಪಕಿಯು ಬೆಲ್ ರೌಲಿ. ಆಕೆಯ ಆಪ್ತಮಿತ್ರನು ವರದಿಗಾರನಾದ ಫ್ರೆಡ್ಡಿ ಲಯನ್. ಇಬ್ಬರೂ ಹಿಂದೆ ಒಂದೇ ಕಡೆ ದುಡಿದವರು. ಗೂಢಚಾರ ಜೇಮ್ಸ್ ಬಾಂಡನ ಕಥೆಗಳಿಂದ ಎತ್ತಿಕೊಂಡ ಹೆಸರುಗಳಿಂದ ಒಬ್ಬರನ್ನೊಬ್ಬರು ಕರೆದುಕೊಳ್ಳುವಷ್ಟು ಸಲಿಗೆಯುಳ್ಳವರು. ಫ್ರೆಡ್ಡಿಯು ಬುದ್ಧಿವಂತ, ಹಟಮಾರಿ, ಮೇಲಧಿಕಾರಿಗಳ ಮುಂದೆ ನಾಲಗೆಯನ್ನು ಹಿಡಿಯಲಾರದವನು. ಆತನು ಆಕೆಯನ್ನು ಪ್ರೀತಿಸುತ್ತಾನೆ. ಆದರೆ ಆ ಪ್ರೀತಿಗಾಗಿ ಆಕೆಯ ತಪ್ಪನ್ನು ಒಪ್ಪೆನ್ನುವದಿಲ್ಲ. ಆಕೆಯೂ ಮೈತ್ರಿಗಾಗಿ ಆತನ ದುಡುಕನ್ನು ಸಹಿಸಿಕೊಂಡು ಕೂಡುವವಳಲ್ಲ. ಇವರ ಜಗಳಗಳೇ ಕಾರ್ಯಕ್ರಮದ ಜೀವಾಳ. ಒಬ್ಬರ ಮಾತನ್ನು ಇನ್ನೊಬ್ಬರು ಒರೆಗೆ ಹಚ್ಚುವದರಿಂದಲೇ ವಾರ್ತೆಯು ಶುದ್ಧವಾಗಿ ಹೊರಬರುತ್ತದೆ.

ಇದಕ್ಕೆ ಪ್ರತಿಯಾಗಿ ನಿಂತವನು ಹೆಕ್ಟರ್ ಮ್ಯಾಡನ್. ಕಾರ್ಯಕ್ರಮವನ್ನು ನಡೆಸಿಕೊಡುವ ಈ ಸುಂದರಪುರುಷನಿಗೆ ವಾಕ್ಚಾತುರ್ಯಕ್ಕೂ ದೊಡ್ಡವರ ಪರಿಚಯಕ್ಕೂ ಕೊರತೆಯಿಲ್ಲ. ಪತ್ನಿಯಾದ ಮಾರ್ನಿಯ ತವರು ಪ್ರಭಾವಶಾಲಿಯಾದದ್ದು. ಬೆಲ್ಲಳಿಗೂ ಆತನಿಗೂ ಬೆಳೆಯುವ ಪ್ರಣಯವು ಕಚೇರಿಯ ಸಮತೂಕವನ್ನೇ ಕೆಡಿಸುತ್ತದೆ. ನಿರ್ಮಾಪಕಿಯು ತನ್ನ ಕೈಕೆಳಗಿನವನಿಗೆ 'ಇದು ಸಲ್ಲದು' ಎನ್ನುವ ಅಧಿಕಾರವನ್ನು ಅರ್ಧ ಕಳೆದುಕೊಳ್ಳುತ್ತಾಳೆ. ಮಾರ್ನಿಯು ಇದನ್ನು ಅರಿಯದ ಮುಗ್ಧೆಯಲ್ಲ. ಮೌನವಾಗಿ ಮನೆಯ ಮಾನವನ್ನು ಕಾಯುವ ಈ ಸ್ತ್ರೀಯು ಎರಡನೆಯ ಭಾಗದಲ್ಲಿ ಪ್ರತಿಸ್ಪರ್ಧಿ ಸಂಸ್ಥೆಯಲ್ಲಿ ಪಾಕಶಾಸ್ತ್ರದ ಕಾರ್ಯಕ್ರಮವನ್ನು ನಡೆಸಿ ತನ್ನದೇ ಸ್ಥಾನವನ್ನು ಗಳಿಸುವಳು. ಗಂಡನ ನೆರಳಿನಿಂದ ಹೊರಬಂದ ಆಕೆಯ ಚಿತ್ರಣವು ಇಡೀ ಕಥೆಯಲ್ಲಿ ಅತ್ಯಂತ ಹೃದಯಂಗಮವಾದದ್ದೆಂದರೆ ಅತಿಶಯೋಕ್ತಿಯಲ್ಲ.

ಮೇಲಧಿಕಾರಿಯಾದ ಕ್ಲಾರೆನ್ಸ್ ಫೆಂಡ್ಲಿಯ ಪಾತ್ರವು ಇನ್ನೂ ವಿಚಾರಾರ್ಹವಾದದ್ದು. ತರುಣರನ್ನು ತಂದೆಯಂತೆ ಪೋಷಿಸಿ, ಪ್ರಧಾನಮಂತ್ರಿಯ ಕಚೇರಿಯ ಒತ್ತಡಕ್ಕೆ ತಾನೇ ಅಡ್ಡನಿಂತ ಈ ಹಿರಿಯನು ಕೊನೆಗೆ ಸೋವಿಯೆತ್ ರಶಿಯದ ಗುಪ್ತಚರನೆಂದು ಹೊರಬೀಳುತ್ತದೆ. ಆತನ ವಾತ್ಸಲ್ಯವು ನಟನೆಯಾಗಿರಲಿಲ್ಲ. ಆದರೂ ಆತನ ನಿಷ್ಠೆಯು ಬೇರೆಲ್ಲಿಯೋ ಅಡವಾಗಿತ್ತು. ಉಪಕಾರ ಮಾಡಿದವನನ್ನು ಪ್ರಶ್ನಿಸುವದು ಎಷ್ಟು ಕಠಿಣವೆಂಬದನ್ನು ಫ್ರೆಡ್ಡಿಯ ಸಂಕಟದಲ್ಲಿ ಕಾಣುತ್ತೇವೆ.

ಎರಡನೆಯ ಭಾಗದಲ್ಲಿ ಸ್ನೇಹದ ಇನ್ನೊಂದು ಮುಖವು ಕಾಣಿಸುತ್ತದೆ. ನರ್ತಕಿಯೊಬ್ಬಳನ್ನು ಹೊಡೆದನೆಂಬ ಆರೋಪವು ಹೆಕ್ಟರನ ಮೇಲೆ ಬರುತ್ತದೆ. ನಿಜವಾದ ಅಪರಾಧಿಯು ಯುದ್ಧಕಾಲದಿಂದ ಆತನ ಗೆಳೆಯನಾದ, ಈಗ ಉನ್ನತ ಪದವಿಯಲ್ಲಿರುವ ಪೋಲೀಸ್ ಅಧಿಕಾರಿ! ಗೆಳೆತನದ ಹೆಸರಿನಲ್ಲಿ ಒಬ್ಬರೊಬ್ಬರ ಕೊಳೆಯನ್ನು ಮುಚ್ಚುವ ಈ ದೊಡ್ಡವರ ಕೂಟವನ್ನು ಅವರ ಗುಟ್ಟಿನ ಚಿತ್ರಗಳನ್ನಿಟ್ಟುಕೊಂಡ ಕ್ಲಬ್ಬಿನ ಒಡೆಯನು ಕುಣಿಸುತ್ತಾನೆ. ಗುಟ್ಟುಳ್ಳವನು ಸ್ವತಂತ್ರನಲ್ಲವೆಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವದು ಸಾಧ್ಯವಿಲ್ಲ. ಇದೇ ವೇಳೆಗೆ ಹೊಸ ಮುಖ್ಯಸ್ಥನಾದ ರಾಂಡಲ್ ಬ್ರೌನನೂ ವಿದೇಶ ವಾರ್ತೆಗಳ ಲಿಕ್ಸ್ ಸ್ಟಾರ್ಮಳೂ ಸ್ಪೇನಿನ ಅಂತರ್ಯುದ್ಧದ ದಿನಗಳಲ್ಲಿ ತಮಗೆ ಹುಟ್ಟಿ ಅನ್ಯರ ಕೈಸೇರಿದ ಮಗಳನ್ನು ಹುಡುಕುತ್ತಾರೆ. ಅವಳು ಎಂದೋ ತೀರಿಹೋಗಿದ್ದಳೆಂದು ತಿಳಿಯುತ್ತದೆ. ಜಗತ್ತಿನ ಸತ್ಯವನ್ನೆಲ್ಲ ಬೆದಕಿದ ಇವರಿಬ್ಬರೂ ತಮ್ಮದೇ ಬಾಳಿನ ಸತ್ಯವನ್ನು ಇಷ್ಟು ವರ್ಷ ಕೆದಕದೆ ಬಿಟ್ಟಿದ್ದರು.

ಧಾರಾವಾಹಿಯಲ್ಲಿ ದೋಷಗಳಿಲ್ಲವೆಂದಲ್ಲ. ಗೂಢಚಾರಿಕೆಯ ಎಳೆಯು ಕೆಲವೆಡೆ ವಾರ್ತಾಲಯದ ನೈಜ ಕಥೆಯನ್ನು ನುಂಗುತ್ತದೆ. 2013ರಲ್ಲಿ ಬಿ.ಬಿ.ಸಿ.ಯು ಮೂರನೆಯ ಭಾಗವಿಲ್ಲವೆಂದು ಸಾರಿದ್ದರಿಂದ, ದುಷ್ಟರಿಂದ ಪೆಟ್ಟುತಿಂದು ನೆಲಕ್ಕುರುಳಿದ ಫ್ರೆಡ್ಡಿಯ ಗತಿಯೇನಾಯಿತೆಂಬದು ತಿಳಿಯದೆ ಉಳಿಯಿತು.

ಆದರೆ ಮೂಲ ವಿಚಾರವು ಚರಿತ್ರೆಯಿಂದಲೂ ಸಮರ್ಥಿತವಾಗಿದೆ. ಪ್ರಧಾನಮಂತ್ರಿ ಈಡನ್ನರು 1956ರ ನವೆಂಬರ 3ರಂದು ರಾಷ್ಟ್ರವನ್ನುದ್ದೇಶಿಸಿ ಮಾತಾಡಿದರು. ಮರುದಿನವೇ ವಿರೋಧಪಕ್ಷದ ನಾಯಕ ಗೇಟ್‌ಸ್ಕೆಲರಿಗೆ ಉತ್ತರಿಸಲು ಬಿ.ಬಿ.ಸಿ.ಯು ಅವಕಾಶವನ್ನಿತ್ತಿತು. ಆ ನಿರ್ಧಾರವನ್ನು ಯಾವ ಕಾಯಿದೆಯೂ ತಾನಾಗಿ ಮಾಡಲಿಲ್ಲ. ಸರಕಾರದ ಮೋರೆ ನೋಡದೆ ಕರ್ತವ್ಯವನ್ನು ನೋಡಿದ ಮನುಷ್ಯರು ಮಾಡಿದರು.

ಪತ್ರಿಕೆಯ ಕಚೇರಿಗಷ್ಟೇ ಅಲ್ಲ, ಸರಕಾರಿ ಕಚೇರಿಗೂ ಪುರಸಭೆಗೂ ಈ ಮಾತು ಸಲ್ಲುತ್ತದೆ. ನಮ್ಮ ತಪ್ಪನ್ನು ಮುಚ್ಚುವ ಗೆಳೆಯರು ನಮಗೆ ಎಷ್ಟಾದರೂ ಸಿಗುವರು. ತಪ್ಪನ್ನು ಮುಖದೆದುರು ಹೇಳಿ, ಹೇಳಿದ ಮೇಲೆಯೂ ನಮ್ಮ ಪಕ್ಕದಲ್ಲಿ ನಿಲ್ಲುವ ಒಬ್ಬನಾದರೂ ಇದ್ದಲ್ಲಿ ಆ ಸಂಸ್ಥೆಯು ಬದುಕಿದೆಯೆಂದು ತಿಳಿಯಬೇಕು. ಅಂಥವನನ್ನು ದೂರವಿಡುವ ಅಧಿಕಾರಿಯು ತನ್ನ ಕಣ್ಣನ್ನು ತಾನೇ ಕಟ್ಟಿಕೊಂಡಂತೆ.